ಶ್ರದ್ಧೆ ಮತ್ತು ಅರಿವು

ದೇವರಿರುವನೆಂದು ನಂಬುವುದು ಬೇರೆ. ಇರುವನೆಂದು ಅರಿತಿರುವುದು ಬೇರೆ. ಸೃಷ್ಟಿಕರ್ತನನ್ನು ಒಪ್ಪದ ಜೈನರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ನಮ್ಮಲ್ಲಿ ಅದು ಸರ್ವಜ್ಞನಾದ ಜಿನನನ್ನು ಕುರಿತು ಏಳುತ್ತದೆ.

1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಊದುಕುಲುಮೆ ಹೊತ್ತಿಕೊಂಡಿತು. ಅಂದು ಶಿವಮೊಗ್ಗದಿಂದ ಹೊರಟವನೊಬ್ಬ ದೂರದ ಹೊಗೆಯನ್ನು ಕಂಡು ‘ಅಲ್ಲಿ ಬೆಂಕಿಯಿದೆ’ ಎಂದಿದ್ದರೆ ಅದು ಅನುಮಾನ. ಹೋಗಿಬಂದ ನೆಂಟನ ಮಾತು ಕೇಳಿ ಹಾಗೆಂದಿದ್ದರೆ ಅದು ಶ್ರದ್ಧೆ. ಕುಲುಮೆಯ ಮುಂದೆ ಬೆವೆತ ಕಾರ್ಮಿಕನದು ಪ್ರತ್ಯಕ್ಷ. ಮೂವರ ಮಾತೂ ಒಂದೇ. ಅರಿವಿನ ಬಗೆ ಒಂದೇ ಅಲ್ಲ.

ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಅಗ್ನಿಯ ದೃಷ್ಟಾಂತದಿಂದಲೇ ಸರ್ವಜ್ಞನ ಇರವನ್ನು ಸಾಧಿಸುತ್ತಾರೆ: ಅನುಮಾನಕ್ಕೆ ನಿಲುಕುವುದು ಯಾರಾದರೊಬ್ಬರಿಗೆ ಪ್ರತ್ಯಕ್ಷವೂ ಆಗಿರಬೇಕು. ಪೂಜ್ಯನನ್ನೂ ಪರೀಕ್ಷಿಸದೆ ಬಿಡದ ಧೈರ್ಯ ಅವರದು. ಆದರೂ ಅನುಮಾನವು ಕೇವಲಜ್ಞಾನವಲ್ಲ. ಉಮಾಸ್ವಾತಿಗಳು ಐದು ಜ್ಞಾನಗಳಲ್ಲಿ ಮತಿ, ಶ್ರುತಗಳನ್ನು ಪರೋಕ್ಷವೆಂದೇ ಎಣಿಸಿದರು. ನಮಗಿರುವುವು ಆ ಎರಡೇ.

ಹಾಗಾದರೆ ಶ್ರದ್ಧೆ ದುರ್ಬಲವೆ? ಅಲ್ಲ. ನೆಂಟನ ಮಾತನ್ನು ನಂಬದವನು ಭದ್ರಾವತಿಯ ದಾರಿಯನ್ನೇ ಹಿಡಿಯನು. ನಡೆದವನಿಗಲ್ಲದೆ ಕಾಣುವ ಯೋಗವಿಲ್ಲ. ಕೆಡುಕಿರುವುದು ನಂಬಿದ್ದನ್ನು ‘ಕಂಡೆ’ನೆಂದು ಸಾರಿ, ಕಾಣದವರನ್ನು ಹಳಿಯುವುದರಲ್ಲಿ. ‘ರತ್ನಕರಂಡಕ ಶ್ರಾವಕಾಚಾರ’ವು ಮದವಿಲ್ಲದ ಶ್ರದ್ಧೆಯನ್ನೇ ಸಮ್ಯಗ್ದರ್ಶನವೆನ್ನುತ್ತದೆ, ಅಲ್ಲಿ ಎಣಿಸಿದ ಎಂಟು ಮದಗಳಲ್ಲಿ ಜ್ಞಾನದ ಮದವೇ ಮೊದಲನೆಯದು.

ಬಸದಿಯಲ್ಲಿ ಕೈಹಿಡಿದು ನಿಂತ ಮಗು ‘ಇದು ನಿಜವೇ?’ ಎಂದು ಕೇಳಿದರೆ, ‘ನಿಜವೆಂದು ನಂಬಿ ನಡೆಯುತ್ತಿದ್ದೇನೆ, ಮಗು; ಕಂಡಿಲ್ಲ’ ಎನ್ನಲು ಹಿರಿಯರು ನಾಚಬೇಕಿಲ್ಲ. ಅದು ಶಂಕೆಯಲ್ಲ, ಸತ್ಯಾಣುವ್ರತ.