ಹಿರಿಯರಿಗೆ ಹೇಳುವವರಾರು?

ಸ್ವಾರಗೇಟ ಬಸ್ ನಿಲ್ದಾಣದಲ್ಲಿ ಸಂಜೆ ಸ್ವಲ್ಪ ಹೊತ್ತು ನಿಂತರೆ ಕನ್ನಡ ಕಿವಿಗೆ ಬೀಳುತ್ತದೆ. ಬಸ್ಸುಗಳು ನಮ್ಮ ಕಡೆಯವು, ಹತ್ತುವ ಇಳಿಯುವ ಜನರೂ ನಮ್ಮವರೇ. ನಮ್ಮ ಪರಿಚಯದ ಹಿರಿಯರೊಬ್ಬರು ದಿನಾಲು ಅಲ್ಲಿ ಹೋಗಿ ಕೂಡುತ್ತಿದ್ದರು. ಗದಗದ ಕಡೆ ಮಾಸ್ತರರಾಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಮಗನ ಮನೆಗೆ ಬಂದವರು. ಮರಳುವಾಗ ಇನ್ನೊಂದು ಕಡೆಗೂ ಹೋಗಿ ಬರುತ್ತಾರೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸೊಸೆ ಊಟ ಬಡಿಸಿಟ್ಟು ಒಳಗೆ ಹೋಗುವಳು. ಮಗ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. "ಜನ್ಮ ಎಲ್ಲಾ ದುಡದಾರ, ಈಗ ನಾವೇನು ಹೇಳೂದ್ರಿ?" ಎಂದು ಒಮ್ಮೆ ನಮ್ಮೆದುರು ಅಂದ. ನಾವೂ ತಲೆಯಾಡಿಸಿದೆವು.

ಇದು ಮರ್ಯಾದೆಯೆ? ತಂದೆಯ ಚಹಾಕ್ಕೆ ಅರ್ಧ ಚಮಚೆ ಸಕ್ಕರೆ ಹೆಚ್ಚು ಬಿದ್ದರೆ ಇದೇ ಮಗ ಜಗಳ ತೆಗೆಯುತ್ತಿದ್ದ. ಸಕ್ಕರೆ ಕಾಯಿಲೆ ರೋಗ, ಅದರಲ್ಲಿ ನಾಚಿಕೆಯಿಲ್ಲ. ಕುಡಿತ ಮಾತ್ರ ಮನೆತನದ ಮಾನದ ಪ್ರಶ್ನೆ! ವೈದ್ಯರು ಮದ್ಯದ ಚಟವನ್ನೂ ರೋಗವೆಂದೇ ಎಣಿಸುತ್ತಾರೆ. ನಾವು ಕಾಯ್ದುಕೊಂಡದ್ದು ಹಿರಿಯರ ಮಾನವನ್ನಲ್ಲ, ನಮ್ಮದನ್ನು.

ವಯಸ್ಸಾದಂತೆ ದೇಹದಲ್ಲಿ ನೀರಿನ ಅಂಶ ಕಡಿಮೆಯಾಗುತ್ತದೆ. ನಲವತ್ತರಲ್ಲಿ ತಡೆದುಕೊಂಡ ಅಳತೆಯೇ ಎಪ್ಪತ್ತರಲ್ಲಿ ಹೆಚ್ಚು ಏರುತ್ತದೆ. ನಿದ್ದೆಯ ಗುಳಿಗೆ, ರಕ್ತದೊತ್ತಡದ ಗುಳಿಗೆ ಜೊತೆಗೂಡಿದರಂತೂ ಅಪಾಯ. ಮರೆವು, ತಡವರಿಕೆ, ಬೀಳುವುದು ಇವೆಲ್ಲವನ್ನೂ ನಾವು 'ವಯಸ್ಸಾತು' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಯೌವನದಲ್ಲಿ ಮುಟ್ಟದವರೂ ನಿವೃತ್ತಿಯ ನಂತರ, ಜೊತೆಗಾರರು ಹೋದ ನಂತರ ಹಿಡಿಯುವುದುಂಟು.

ಅವರ ಪೆನ್ಶನ್ನು, ಅವರ ದೇಹ, ಕೇಳಲು ನೀವಾರು ಎಂದು ಯಾರಾದರೂ ಅನ್ನಬಹುದು. ಒಪ್ಪಿದೆವು. ಹಣ ಬಚ್ಚಿಡುವುದು, ಬಾಗಿಲಿಗೆ ಕೀಲಿ ಹಾಕುವುದು ನಮಗೂ ಸರಿಯೆನಿಸುವುದಿಲ್ಲ. ಆದರೆ ದಿನವಿಡೀ ಮನೆಯಲ್ಲಿ ತಮ್ಮೊಡನೆ ಮಾತಾಡುವವರಿಲ್ಲದೆ, ಓಣಿಯ ಮರಾಠಿ ನಾಲಿಗೆಗೆ ಹೊಂದದೆ ಕೂತವರು ಇದನ್ನು ಆರಿಸಿಕೊಂಡರು ಎನ್ನಲು ನಮಗೆ ಧೈರ್ಯ ಸಾಲದು.

ಒಂದು ರಾತ್ರಿ ಬಚ್ಚಲಲ್ಲಿ ಬಿದ್ದರು. ಎಷ್ಟು ಕುಡಿಯುತ್ತೀರಿ ಎಂದು ಡಾಕ್ಟರು ನೇರವಾಗಿ ಕೇಳಿದರು, ಇವರು ನೇರವಾಗಿ ಹೇಳಿದರು. ರಿಕ್ಷಾದಲ್ಲಿ ಮರಳುವಾಗ ಮಗನಿಗೆ, "ನಿನಗ ಗೊತ್ತಿತ್ತಲ್ಲಪಾ, ಯಾಕ ಕೇಳಲಿಲ್ಲ?" ಅಂದರಂತೆ.

ಡಾ. ಅನಿತಾ ಮತ್ತು ಅನಿಲ ಅವಚಟ ದಂಪತಿಗಳು 1986ರಲ್ಲಿ ಆರಂಭಿಸಿದ ಮುಕ್ತಾಂಗಣ ಇದೇ ಪುಣೆಯಲ್ಲಿದೆ. ಬಹುಕಾಲ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸು, ಭ್ರಮೆ ಬರಬಹುದು; ವೈದ್ಯರ ಕಣ್ಣೆದುರೇ ಬಿಡಿಸಬೇಕು. ನಮ್ಮ ಮಾಸ್ತರರೂ ಹಾಗೆಯೇ ಬಿಟ್ಟರು. ಈಗಲೂ ಸ್ವಾರಗೇಟಿಗೆ ಹೋಗುತ್ತಾರೆ, ಕೆಲವು ದಿನ ಮೊಮ್ಮಗನೂ ಜೊತೆಗಿರುತ್ತಾನೆ. ನಡುವೆ ಎರಡು ಸಲ ಜಾರಿದರು. ಎರಡನೆಯ ಸಲ ಮನೆಗೆ ಬಂದು ತಾವೇ ಮಗನಿಗೆ ಹೇಳಿದರು. ಆ ದಿನ ಮಗ ಪೇಪರು ಕೆಳಗಿಟ್ಟಿದ್ದ.