ಇಂದಿನ ಧಮ್ಮ ಚಿಂತನೆ: ಉರಿಯುವ ಕಣ್ಣಿಗೆ ಬಣ್ಣದ ಲೆನ್ಸ್



ಚೆಂದ ಕಾಣುವ ಸಲುವಾಗಿ ನೋವು ತಾಳಿಕೊಳ್ಳುವುದು ಸಹನೆಯೇ? ಇಂದು ಇದನ್ನು ವಿಚಾರ ಮಾಡೋಣ.

ನನ್ನ ಅಕ್ಕನ ಮಗಳದು ಒಣಗಣ್ಣು. ಹುನಗುಂದದ ಬ್ಯಾಸಗಿ ಗಾಳಿ ತಾಕಿದರೆ ಸಾಕು, ಕೆಂಪಾಗಿ ಹರಳು ಬಿದ್ದಂತೆ ಚುಚ್ಚುತ್ತದೆ. ಮುಂದಿನ ತಿಂಗಳು ಅವಳ ಲಗ್ನ. ಇಳಕಲ್ ಸೀರೆ ಬಂದಾಗಿದೆ, ಬೂದುಬಣ್ಣದ ಕಾಂಟ್ಯಾಕ್ಟ್ ಲೆನ್ಸೂ ಬೇಕಂತೆ. "ಚಿಗವ್ವ, ಒಂದ ದಿನ ತಡಕೊಂಡ್ರ ಏನಾಗ್ತೈತಿ?" ಎಂದು ಕೇಳಿದಳು.

'ಎಲ್ಲಾ ಶೋಕಿ' ಎಂದು ಬೈದು ಮುಗಿಸಬಹುದು. ಆದರೆ ಆ ಮಾತು ನಮ್ಮ ಬಾಯಲ್ಲಿ ಹಗುರವಾಗಿ ಬರಬಾರದು. ಒಳ್ಳೆಯ ಬಟ್ಟೆ, ಒಡವೆ ನಿಮಗಲ್ಲ ಎಂಬ ಕಟ್ಟಳೆಯನ್ನು ನಮ್ಮ ಹಿರಿಯರು ಉಂಡಿದ್ದಾರೆ. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳಿಗೆ, ಅಸ್ಪೃಶ್ಯರೆಂದು ಗುರುತು ಹಚ್ಚುವ ಉಡುಗೆ, ಒಡವೆಗಳನ್ನು ಬಿಡಿ, ಸ್ವಚ್ಛವಾಗಿ, ಮೇಲ್ಜಾತಿಯ ಹೆಂಗಸರಂತೆಯೇ ಸೀರೆ ಉಡಿ ಎಂದು ಹೇಳಿದರು. ಉಡುಗೆಯೂ ಸ್ವಾಭಿಮಾನದ ಮಾತೇ. ಪಂಚಶೀಲದಲ್ಲಿ ಅಲಂಕಾರಕ್ಕೆ ತಡೆಯಿಲ್ಲ, ಅದು ಬರುವುದು ಅಷ್ಟಶೀಲದಲ್ಲಿ. ಹಾಗಾಗಿ ಸಿಂಗಾರ ತಪ್ಪೇ ಎಂದು ಕೇಳಬೇಕಿಲ್ಲ. ಅದರಿಂದ ದುಃಖ ಹುಟ್ಟುತ್ತದೆಯೇ ಎಂದು ಕೇಳಬೇಕು.

ದುಃಖವಿದ್ದರೆ ಕಾರಣವಿದೆ. ನಮ್ಮ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯಲ್ಲಿ ರಕ್ತನಾಳಗಳಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚಾಗಿ ಗಾಳಿಯಿಂದ, ಕಣ್ಣೀರಿನ ತೆಳು ಪದರದ ಮೂಲಕ ಬರುತ್ತದೆ. ಲೆನ್ಸ್ ಕೂಡುವುದು ಆ ಪದರದ ಮೇಲೆಯೇ. ಕಣ್ಣೀರು ಕಡಿಮೆ ಇದ್ದವರಿಗೆ ಅದು ಉಜ್ಜುತ್ತದೆ, ಗೀರು ಬೀಳಬಹುದು, ಗೀರಿನಲ್ಲಿ ಸೋಂಕು ಸೇರಿದರೆ ದೃಷ್ಟಿಗೇ ಕುತ್ತು. ನಂಬರ್ ಇಲ್ಲದ ಬಣ್ಣದ ಲೆನ್ಸ್ ಆದರೂ ಅಷ್ಟೇ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಹಾಕುವುದು, ನಳದ ನೀರಲ್ಲಿ ತೊಳೆಯುವುದು, ಹಾಕಿಕೊಂಡೇ ಮಲಗುವುದು ಇನ್ನೂ ಅಪಾಯ.

ಇನ್ನು ಸಹನೆಯ ಮಾತು. ಕ್ಷಾಂತಿ ಎಂದರೆ ಎದುರಿನವರ ಕೋಪಕ್ಕೆ ಕೋಪ ಬೆರೆಸದಿರುವುದು, ತಪ್ಪಿಸಲಾಗದ ಕಷ್ಟದಲ್ಲಿ ಮನಸ್ಸು ಕೆಡದಿರುವುದು. ತೆಗೆದಿಡಬಹುದಾದ ಮುಳ್ಳನ್ನು ಚುಚ್ಚಿಕೊಂಡೇ ನಗುವುದು ಕ್ಷಾಂತಿಯಲ್ಲ. ಕಣ್ಣುಬೇನೆ ಬಂದ ಭಿಕ್ಷುವಿಗೆ ಬುದ್ಧರು 'ತಾಳಿಕೋ' ಎನ್ನಲಿಲ್ಲ, ಅಂಜನ ಹಚ್ಚಲು ಅನುಮತಿ ಕೊಟ್ಟರು. ವಿನಯಪಿಟಕದ ಮಹಾವಗ್ಗದಲ್ಲಿ ಆ ಪ್ರಸಂಗವಿದೆ. ಅರಿವಿನ ದಾರಿ ಹಿಡಿದವನೂ ದೇಹದ ಮಾತನ್ನು ಕೇಳಬೇಕು.

ಇನ್ನೊಂದು ಮಾತೂ ಇದೆ. ನಮ್ಮ ಕರಿಗಣ್ಣಿಗೆ ಏನು ಕಡಿಮೆಯಾಗಿದೆ? ಬೂದುಗಣ್ಣೇ ಚೆಂದ ಎಂದು ನಮಗೆ ಹೇಳಿಕೊಟ್ಟವರು ಯಾರು? ಮಹಾಡ್‌ನಲ್ಲಿ ಬಿಟ್ಟದ್ದು ಇತರರು ನಮಗೆ ಹಚ್ಚಿದ ಗುರುತು. ಇಂದು ಹುಟ್ಟಿದ ಕಣ್ಣಿಗೇ ನಾಚಿ ಅದನ್ನು ಮುಚ್ಚಿದರೆ ಇತರರ ಅಳತೆಯನ್ನು ಮತ್ತೆ ಹೊತ್ತಂತೆ. ನಾಚಿಕೆಯಿಲ್ಲದೆ ಬರೀ ಖುಷಿಗೆ ಹಾಕಿದರೆ ಮಾತು ಬೇರೆ. ಆ ವ್ಯತ್ಯಾಸ ಹಾಕಿಕೊಳ್ಳುವವರಿಗೇ ಗೊತ್ತು.

ಅದಕ್ಕೇ ನಾನು ಅವಳಿಗೆ ಬೇಡ ಎನ್ನಲಿಲ್ಲ. ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸು, ಅವರು ಒಪ್ಪಿದರೂ ಉರಿ, ಕೆಂಪು, ಮಂಜು ಕಂಡ ಕೂಡಲೇ ತೆಗೆ, ಅಕ್ಷತೆ ಬೀಳುವ ಹೊತ್ತಾದರೂ ಸರಿ ಎಂದೆ. ತೀರ್ಮಾನ ಅವಳದು. ಹೆದರಿಸಿ ಒಪ್ಪಿಸುವುದು ಧಮ್ಮದ ದಾರಿಯಲ್ಲ.

ಇಂದಿನ ಅಭ್ಯಾಸ: ನಾಲ್ಕು ಮಂದಿ ನೋಡಲಿ ಎಂದು ನಾವು ಸುಮ್ಮನೆ ತಾಳಿಕೊಂಡಿರುವ ಒಂದು ನೋವನ್ನು ಗುರುತಿಸೋಣ. ಅದು ಕಣ್ಣಿನದೇ ಆಗಬೇಕಿಲ್ಲ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್. 🙏