ಇಂದಿನ ಚಿಂತನೆ: ಯಾವ ಬುಟ್ಟಿ?



ಹೋದ ವಾರ ಎಂಟನೇ ತರಗತಿಯಲ್ಲಿ, ತ್ರಿಪಿಟಕ ಎಂದರೆ ಮೂರು ಬುಟ್ಟಿ ಎಂದು ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ, “ಮೇಡಂ, ಇವಳ ಮನೇಲಿ ಮೂವತ್ತಿವೆ” ಎಂದ. ಎಲ್ಲರೂ ನಕ್ಕರು. ಮೇದಾರರ ಹುಡುಗಿ ತಲೆ ತಗ್ಗಿಸಿದಳು. “ಯಾವ ಕೆಲಸವೂ ಕೀಳಲ್ಲ, ಸುಮ್ಮನಿರಿ” ಎಂದು ಪಾಠ ಮುಂದುವರಿಸಿದೆ. ಒಳ್ಳೆಯ ಮಾತಾಡಿದೆನೆಂಬ ಸಮಾಧಾನವೂ ಇತ್ತು.

ರಾತ್ರಿ ವಿನಯಪಿಟಕ ತೆರೆದೆ. ಭಿಕ್ಷುಗಳ 92 ಪಾಚಿತ್ತಿಯ ನಿಯಮಗಳಲ್ಲಿ 2ನೆಯದು ಹಂಗಿಸುವ ಮಾತಿನ ಬಗ್ಗೆ. ಜಾತಿ, ಕಸುಬು ಎತ್ತಿ ಇನ್ನೊಬ್ಬ ಭಿಕ್ಷುವನ್ನು ಹೀಯಾಳಿಸಿದರೆ ತಪ್ಪೊಪ್ಪಿಕೊಳ್ಳಬೇಕು. ಕೀಳೆನಿಸಿಕೊಂಡ ಕಸುಬುಗಳ ಪಟ್ಟಿಯಲ್ಲಿ ಮೊದಲ ಹೆಸರೇ ನಳಕಾರನದು, ಅಂದರೆ ಬುಟ್ಟಿ ಹೆಣೆಯುವವನದು. ಆಮೇಲೆ ಕುಂಬಾರ, ನೇಕಾರ, ಚಮ್ಮಾರ, ಕ್ಷೌರಿಕ. ಬುದ್ಧವಚನವನ್ನೇ ‘ಬುಟ್ಟಿ’ ಎಂದು ಕರೆದವರೂ ಈ ಪಟ್ಟಿ ಬರೆದಿಡಬೇಕಾಯಿತು! ಬರೀ ತಮಾಷೆಗೆ ಆಡಿದರೂ ಅದು ‘ದುಬ್ಭಾಸಿತ’, ಕೆಟ್ಟ ಮಾತು. ಅದು ಹುಡುಗನ ಲೆಕ್ಕಕ್ಕೆ. ನನ್ನದು? ‘ಯಾವ ಕೆಲಸವೂ ಕೀಳಲ್ಲ’ ಎಂದು ಡಾಕ್ಟರ ಮಗನಿಗೆ ನಾನು ಎಂದೂ ಹೇಳಿಲ್ಲ.

ಮರುದಿನ ಅವಳೇ ಬಂದಳು. “ಮೇಡಂ, ಮೂರು ಬುಟ್ಟಿ ಅಂದ್ರಲ್ಲ, ಯಾವ ಬುಟ್ಟಿ?” ನನಗೆ ಬುಟ್ಟಿಯೆಂದರೆ ಬುಟ್ಟಿ, ಅಷ್ಟೆ. ಅವಳು ಹೇಳುತ್ತಾ ಹೋದಳು: ಹಸಿ ಬಿದಿರು ಸೀಳುವಾಗಲೇ ಏನು ಹೆಣೆಯುತ್ತೇವೆಂದು ಗೊತ್ತಿರಬೇಕು, ಮೊರಕ್ಕೆ ತೆಳು ಸೀಳು, ಹೊರೆ ಹೊರುವುದಕ್ಕೆ ದಪ್ಪದ್ದು, ಗಟ್ಟಿತನವಿರುವುದು ಹೊರಮೈಯ ಹಸಿರು ಸಿಪ್ಪೆಯಲ್ಲಿ, ಒಳತಿರುಳಿನ ಸೀಳು ಬೇಗ ಮುರಿಯುತ್ತದೆ, ಒಣಗಿದ್ದರೆ ನೆನೆಹಾಕಬೇಕು. ಎಂ.ಎ.ಯಲ್ಲಿ ಮೇದಾರ ಕೇತಯ್ಯನ ವಚನ ಓದಿ ಪರೀಕ್ಷೆ ಬರೆದವಳು ನಾನು. ಬಿದಿರಿನ ಬಗ್ಗೆ ಇಷ್ಟು ತಿಳಿದದ್ದು ಆ ಹುಡುಗಿಯಿಂದ.

ಅವಳ ಪ್ರಶ್ನೆಗೆ ಉತ್ತರ ಅಟ್ಠಕಥೆಯಲ್ಲಿತ್ತು. ಪಿಟಕ ಪದಕ್ಕೆ ಅಲ್ಲಿ ಕೊಡುವ ಉದಾಹರಣೆ, ಗುದ್ದಲಿ-ಬುಟ್ಟಿ ಹಿಡಿದು ಬರುವ ಮನುಷ್ಯ. ಅಂಥವನೊಬ್ಬ ಕಕಚೂಪಮ ಸುತ್ತದಲ್ಲೂ ಬರುತ್ತಾನೆ, ಈ ಭೂಮಿಯನ್ನೇ ಅಗೆದು ಇಲ್ಲವಾಗಿಸುತ್ತೇನೆಂದು. ಕಟುಮಾತು ಕೇಳಿದಾಗಲೂ ದ್ವೇಷವಿಲ್ಲದಿರಬೇಕೆಂದು ಬುದ್ಧರು ಭಿಕ್ಷುಗಳಿಗೆ ಹೇಳುವ ಸುತ್ತ ಅದು. ಅದನ್ನು ಅವಳಿಗೆ ಬೋಧಿಸುವ ಹಕ್ಕು ನನಗಿದೆಯೆ? ನನಗನ್ನಿಸಲಿಲ್ಲ. ಬುಟ್ಟಿಯ ವಿಷಯ ಮಾತ್ರ ಹೇಳಿದೆ.

“ಮಣ್ಣು ಹೊರುವ ಬುಟ್ಟಿ ಕಣಮ್ಮ.”

“ಹಂಗಾದ್ರೆ ಮಂಕರಿ, ಮೇಡಂ. ದಪ್ಪ ಸೀಳು ಬೇಕು.”

ತರಗತಿಯ ಎದುರು ನಾನು ಒಪ್ಪಿಕೊಳ್ಳಬೇಕಾದ ತಪ್ಪು ಇನ್ನೂ ಬಾಕಿಯಿದೆ. ಸೋಮವಾರ ಮೊದಲ ಪಿರಿಯಡ್ ಅದೇ ತರಗತಿಗೆ.